ಫಾಸ್ಟ್‌ಬ್ಯಾಕೋ ಹ್ಯಾಚ್‌ಬ್ಯಾಕೋ? ಮೊದಲು ಡಿಕ್ಕಿ ತೆಗೆದು ನೋಡಿ

ಗೆಳೆಯನೊಬ್ಬನಿಗೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಜೊತೆಗೆ ಹೋಗಿದ್ದೆ. ಅಲ್ಲಿ ಒಂದು ಹಳೆಯ ಸ್ಕೋಡಾ ಆಕ್ಟೇವಿಯಾ ನಿಂತಿತ್ತು. "ಒಳ್ಳೇ ಸೆಡಾನ್ ಸಾರ್" ಎಂದ ಮಾರುವವನು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಇನ್ನೊಬ್ಬ "ಸೆಡಾನ್ ಅಲ್ಲ, ಅದು ಫಾಸ್ಟ್‌ಬ್ಯಾಕ್" ಎಂದ. ನನ್ನ ಗೆಳೆಯ ಏನೂ ಮಾತಾಡದೆ ಹೋಗಿ ಡಿಕ್ಕಿ ಎತ್ತಿದ. ಗಾಜೂ ಸೇರಿ ಇಡೀ ಹಿಂಭಾಗವೇ ಮೇಲೆದ್ದಿತು. "ಇದು ಹ್ಯಾಚ್‌ಬ್ಯಾಕ್ ಕಣ್ರೀ!" ಎಂದ ಇವನು. ಮೂವರೂ ಒಂದೇ ಕಾರನ್ನು ನೋಡುತ್ತಿದ್ದರು, ಮೂವರೂ ಮೂರು ಹೆಸರು ಹೇಳಿದರು.

ತಮಾಷೆ ಏನೆಂದರೆ ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇತ್ತು. ಜಗಳ ಹುಟ್ಟಿದ್ದು ಪ್ರಶ್ನೆಯಿಂದ. "ಇದು ಫಾಸ್ಟ್‌ಬ್ಯಾಕಾ ಹ್ಯಾಚ್‌ಬ್ಯಾಕಾ?" ಎಂದು ಕೇಳುವುದು, "ನಿಮ್ಮದು ಹಂಚಿನ ಮನೆಯಾ, ಹಿತ್ತಲ ಬಾಗಿಲಿರುವ ಮನೆಯಾ?" ಎಂದು ಕೇಳಿದ ಹಾಗೆ. ಹಂಚಿನ ಮನೆಗೆ ಹಿತ್ತಲ ಬಾಗಿಲು ಇರಬಹುದು, ಇಲ್ಲದೇ ಇರಬಹುದು. ತಾರಸಿ ಮನೆಗೂ ಅಷ್ಟೇ. ಫಾಸ್ಟ್‌ಬ್ಯಾಕ್ ಎನ್ನುವುದು ಮಾಡಿನ ಮಾತು, ಅಂದರೆ ಕಾರಿನ ಚಾವಣಿ ಹಿಂದಕ್ಕೆ ಹೇಗೆ ಇಳಿಯುತ್ತದೆ ಎಂಬುದು. ಹ್ಯಾಚ್‌ಬ್ಯಾಕ್ ಎನ್ನುವುದು ಬಾಗಿಲಿನ ಮಾತು, ಅಂದರೆ ಹಿಂದಿನ ಬಾಗಿಲು ಎಲ್ಲಿಂದ ತೆರೆಯುತ್ತದೆ ಎಂಬುದು. ಹಾಗಾಗಿ ಒಂದೇ ಕಾರು ಎರಡೂ ಆಗಿರಬಹುದು. ಎರಡೂ ಅಲ್ಲದೆಯೂ ಇರಬಹುದು.

ಇಷ್ಟು ತಲೆಯಲ್ಲಿ ಕೂತರೆ ಮುಂದಿನದು ಸುಲಭ. ಕಾರಿನ ಮುಂದೆ ನಿಂತು ಹಂತ ಹಂತವಾಗಿ ನೋಡುತ್ತಾ ಹೋಗೋಣ.

ಒಂದನೇ ಹೆಜ್ಜೆ: ಹತ್ತು ಹೆಜ್ಜೆ ದೂರ ಹೋಗಿ

ಕಾರಿನ ಪಕ್ಕಕ್ಕೆ, ಅದರ ಪೂರ್ತಿ ಉದ್ದ ಕಾಣುವಷ್ಟು ದೂರದಲ್ಲಿ ನಿಲ್ಲಿ. ಒಂದು ಕಣ್ಣು ಮುಚ್ಚಿ. ಡ್ರೈವರ್ ತಲೆಯ ಮೇಲಿನ ಚಾವಣಿಯಿಂದ ಶುರು ಮಾಡಿ ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆಯುತ್ತಾ ಹಿಂದಕ್ಕೆ ಬನ್ನಿ.

ಬೆರಳು ಚಾವಣಿಯಿಂದ ಹಿಂದಿನ ಗಾಜಿನ ಮೇಲೆ ಇಳಿದು, ಅಲ್ಲಿ ಮೆಟ್ಟಿಲು ಸಿಕ್ಕ ಹಾಗೆ ತಿರುಗಿ, ಮತ್ತೆ ನೆಲಕ್ಕೆ ಸಮನಾಗಿ ಡಿಕ್ಕಿಯ ಮೇಲೆ ಹೋಯಿತು ಅಂದುಕೊಳ್ಳಿ. ಅದು ಸಾಮಾನ್ಯ ಸೆಡಾನ್. ಇದನ್ನೇ ನಾಚ್‌ಬ್ಯಾಕ್ ಎಂದೂ ಕರೆಯುತ್ತಾರೆ. ಪ್ರೀಮಿಯರ್ ಪದ್ಮಿನಿಯನ್ನು ನೆನಪು ಮಾಡಿಕೊಳ್ಳಿ. ಮುಂದೊಂದು ಪೆಟ್ಟಿಗೆ, ನಡುವೊಂದು, ಹಿಂದೊಂದು. ಮಕ್ಕಳು ಚಿತ್ರ ಬಿಡಿಸಿದರೆ ಬರುವ ಕಾರು ಇದೇ.

ಬೆರಳು ಎಲ್ಲೂ ಮುಗ್ಗರಿಸದೆ, ಮಕ್ಕಳ ಜಾರುಬಂಡೆಯ ಹಾಗೆ, ಚಾವಣಿಯಿಂದ ಹಿಂದಿನ ಬಂಪರ್ ಹತ್ತಿರದವರೆಗೂ ಒಂದೇ ಇಳಿಜಾರಿನಲ್ಲಿ ಬಂದರೆ ಅದು ಫಾಸ್ಟ್‌ಬ್ಯಾಕ್.

ಚಾವಣಿ ಬಹುತೇಕ ಮಟ್ಟಸವಾಗಿ ಹಿಂದಿನವರೆಗೂ ಹೋಗಿ, ಆಮೇಲೆ ಥಟ್ಟನೆ ಕೆಳಗಿಳಿದರೆ ಅದು ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಗಿಡ್ಡ ಬಾಲದ ಆಕಾರ. ಸ್ವಿಫ್ಟ್, ಐ20, ಆಲ್ಟೊ, ವ್ಯಾಗನ್ ಆರ್ ಎಲ್ಲ ಈ ಸಾಲಿನವು.

ಅನುಮಾನ ಬಂದರೆ ಒಂದು ನಾಟಿ ಅಳತೆ ಇದೆ. ಹಿಂದಿನ ಗಾಜಿನ ಕೆಳಗಿನ ಅಂಚಿನಿಂದ ಕಾರಿನ ಬಾಲದ ತುದಿಯವರೆಗೆ ಗೇಣು ಹಾಕಿ. ಎರಡು ಗೇಣು, ಅದಕ್ಕಿಂತ ಜಾಸ್ತಿ ಮಟ್ಟಸ ಜಾಗ ಸಿಕ್ಕರೆ ಸೆಡಾನ್ ಆಕಾರ. ಒಂದು ಗೇಣೂ ಸಿಗದಿದ್ದರೆ, ಮತ್ತು ಗಾಜು ಮಲಗಿದ ಹಾಗಿದ್ದರೆ ಫಾಸ್ಟ್‌ಬ್ಯಾಕ್. ಗಾಜು ಎದ್ದು ನಿಂತಿದ್ದರೆ ಗಿಡ್ಡ ಬಾಲ. ಇದು ಶಾಸ್ತ್ರ ಅಲ್ಲ, ನಾನು ಮಾಡಿಕೊಂಡ ಲೆಕ್ಕ. ಆದರೆ ಬಹಳ ಸಲ ಕೈ ಹಿಡಿದಿದೆ.

ಅಂದಹಾಗೆ, ಫಾಸ್ಟ್ ಅನ್ನುವ ಪದ ನೋಡಿ ವೇಗದ ಕಾರು ಅಂದುಕೊಳ್ಳಬೇಡಿ. ಎಂಜಿನ್‌ಗೂ ಈ ಹೆಸರಿಗೂ ಸಂಬಂಧ ಇಲ್ಲ. ಫಾಸ್ಟ್‌ಬ್ಯಾಕ್ ಆಗಿಯೂ ಆಮೆಯ ಹಾಗೆ ಓಡಿದ ಕಾರೊಂದು ನಮ್ಮ ಪಕ್ಕದ ಮದರಾಸಿನಲ್ಲೇ ತಯಾರಾಗಿತ್ತು, ಅದರ ಕತೆ ಸ್ವಲ್ಪ ತಡೆದು ಹೇಳುತ್ತೇನೆ.

ಎರಡನೇ ಹೆಜ್ಜೆ: ಡಿಕ್ಕಿ ತೆಗೆಯಿರಿ, ಗಾಜು ಎಲ್ಲಿಗೆ ಹೋಯಿತು ನೋಡಿ

ಡಿಕ್ಕಿ ಅನ್ನುವ ನಮ್ಮ ಪದಕ್ಕೇ ಒಂದು ಮಜಾ ಇದೆ. ಹಳೇ ಕಾಲದ ಇಂಗ್ಲಿಷ್ ಕಾರುಗಳ ಬೆನ್ನಿನಲ್ಲಿ ಮಡಚಿ ತೆರೆಯುವ ಒಂದು ಸೀಟು ಇರುತ್ತಿತ್ತು, ಅದಕ್ಕೆ ಡಿಕ್ಕಿ ಸೀಟ್ ಎನ್ನುತ್ತಿದ್ದರು. ಸೀಟು ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. ಚಿಕ್ಕವನಿದ್ದಾಗ ಪೇಪರಿನಲ್ಲಿ "ಲಾರಿ ಡಿಕ್ಕಿ" ಎಂದು ಓದಿದಾಗಲೆಲ್ಲ ಲಾರಿಗೂ ಡಿಕ್ಕಿ ಇರುತ್ತಾ ಎಂದು ಯೋಚನೆ ಆಗುತ್ತಿತ್ತು.

ಇರಲಿ. ಡಿಕ್ಕಿ ಎತ್ತಿದಾಗ ಒಂದೇ ಒಂದು ವಿಷಯ ಗಮನಿಸಿ. ಹಿಂಜ್, ಅಂದರೆ ಮಡಚುವ ಕೀಲು, ಗಾಜಿನ ಮೇಲಿದೆಯೋ ಕೆಳಗಿದೆಯೋ? ಚಾವಣಿಯ ತುದಿಯಲ್ಲಿ ಕೀಲು ಇದ್ದು ಗಾಜೂ ಬಾಗಿಲಿನ ಜೊತೆಗೇ ಮೇಲೆ ಹೋದರೆ ಅದು ಹ್ಯಾಚ್. ಗಾಜು ಇದ್ದಲ್ಲೇ ಇದ್ದು, ಅದರ ಕೆಳಗಿನ ತಗಡು ಮಾತ್ರ ಎದ್ದರೆ ಅದು ಸಾದಾ ಡಿಕ್ಕಿ ಮುಚ್ಚಳ. ಇಷ್ಟೇ. ಇದಕ್ಕಿಂತ ದೊಡ್ಡ ರಹಸ್ಯ ಇಲ್ಲಿಲ್ಲ.

ಬೀಗ ಹಾಕಿರುವ ಕಾರಾದರೆ ಸಂದುಗಳನ್ನು ನೋಡಿ. ಗಾಜಿನ ಮೇಲಂಚು ಮತ್ತು ಚಾವಣಿಯ ನಡುವೆ ಒಂದು ಸಣ್ಣ ಸಂದು ಅಡ್ಡಕ್ಕೆ ಹೋಗಿ, ಗಾಜಿನ ಎರಡೂ ಬದಿಯಲ್ಲಿ ಕೆಳಗಿಳಿದಿದ್ದರೆ ಹ್ಯಾಚ್. ಗಾಜಿನ ಕೆಳಗೆ ಮಾತ್ರ ಸಂದು ಇದ್ದರೆ ಮುಚ್ಚಳ. ಹಿಂದಿನ ಗಾಜಿಗೆ ವೈಪರ್ ಇದ್ದರೆ ಬಹುಪಾಲು ಹ್ಯಾಚ್ ಆಗಿರುತ್ತದೆ. ವೈಪರ್ ಇಲ್ಲ ಎಂದರೆ ಮಾತ್ರ ಏನೂ ಹೇಳಲಾಗದು. ಕಡಿಮೆ ಬೆಲೆಯ ಹ್ಯಾಚ್‌ಗಳಲ್ಲಿ ವೈಪರ್ ಕೊಡುವುದೇ ಇಲ್ಲ.

ಈಗ ಮೊದಲಿನ ಆಕ್ಟೇವಿಯಾಗೆ ಬರೋಣ. ಪಕ್ಕದಿಂದ ನೋಡಿದರೆ ಬಾಲದಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ, ಅದಕ್ಕೇ ಸೆಡಾನ್ ಎಂದ ಮಾರುವವನನ್ನು ಪೂರ್ತಿ ಬೈಯುವಂತಿಲ್ಲ. ಗಾಜು ಜಾಸ್ತಿ ಮಲಗಿದೆ, ಅದಕ್ಕೆ ಚಹಾದವನಿಗೆ ಫಾಸ್ಟ್‌ಬ್ಯಾಕ್ ಅನಿಸಿತು. ಬಾಗಿಲು ಮಾತ್ರ ನೂರಕ್ಕೆ ನೂರು ಹ್ಯಾಚ್. ಇಂಥ ಕಾರಿಗೆ ಲಿಫ್ಟ್‌ಬ್ಯಾಕ್ ಎಂಬ ಹೆಸರೂ ಇದೆ. 2001ರಲ್ಲಿ ಇದು ನಮ್ಮ ದೇಶಕ್ಕೆ ಬಂದಾಗಿನಿಂದಲೂ ಜನ ಸೆಡಾನ್ ಅಂತಲೇ ಕೊಂಡರು. ಎಷ್ಟೋ ಜನರಿಗೆ ಮನೆಗೆ ತಂದ ಮೇಲೆಯೇ ಗೊತ್ತಾಗಿದ್ದು, ಇದರಲ್ಲಿ ಫ್ರಿಜ್ಜನ್ನೇ ಮಲಗಿಸಬಹುದು ಎಂದು.

ಎರಡೂ ಉತ್ತರ ಕೂಡಿಸಿ

ಮಾಡು ಒಂದು, ಬಾಗಿಲು ಒಂದು. ಕೂಡಿಸಿದರೆ ಏನೇನು ಬರುತ್ತದೆ ನೋಡಿ.

ಮೆಟ್ಟಿಲು ಬಾಲ, ಸಾದಾ ಮುಚ್ಚಳ: ಸೆಡಾನ್. ಗಿಡ್ಡ ಬಾಲ, ಮೇಲೇಳುವ ಬಾಗಿಲು: ನಮ್ಮ ದಿನನಿತ್ಯದ ಹ್ಯಾಚ್‌ಬ್ಯಾಕ್. ಇವೆರಡರಲ್ಲಿ ಯಾರಿಗೂ ಗೊಂದಲ ಇಲ್ಲ.

ಗೊಂದಲ ಶುರುವಾಗುವುದು ಇಳಿಜಾರಿನ ಕಾರುಗಳಲ್ಲಿ. ಫಾಸ್ಟ್‌ಬ್ಯಾಕ್ ಎಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು 1965ರ ಫೋರ್ಡ್ ಮಸ್ಟಾಂಗ್. ಚಾವಣಿ ಎಷ್ಟು ಚೆಂದವಾಗಿ ಬಾಲಕ್ಕೆ ಜಾರಿದೆ! ಆದರೆ ಅದರ ಗಾಜು ಅಲುಗಾಡುವುದಿಲ್ಲ. ಬಾಲದ ತುದಿಯಲ್ಲಿ ಒಂದು ಸಣ್ಣ ಮುಚ್ಚಳ, ಅಷ್ಟೇ. ಅಂದರೆ ಅದು ಫಾಸ್ಟ್‌ಬ್ಯಾಕ್ ಹೌದು, ಹ್ಯಾಚ್‌ಬ್ಯಾಕ್ ಅಲ್ಲ. ಮಸ್ಟಾಂಗ್‌ಗೆ ಹ್ಯಾಚ್ ಬಾಗಿಲು ಬಂದದ್ದು 1974ರ ಮಾದರಿಯಲ್ಲಿ. 2016ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಮಸ್ಟಾಂಗ್ ಮತ್ತೆ ಹಳೇ ರೀತಿಯದೇ, ಇಳಿಜಾರು ಚಾವಣಿ, ಸಾದಾ ಮುಚ್ಚಳ.

1963ರ ಶೆವ್ರೊಲೆ ಕಾರ್ವೆಟ್ ಇನ್ನೂ ವಿಚಿತ್ರ. ಫಾಸ್ಟ್‌ಬ್ಯಾಕ್ ಆಕಾರ, ಗಾಜು ನಡುವೆ ಸೀಳಿ ಎರಡಾಗಿದೆ, ಹಿಂದೆ ಬಾಗಿಲೇ ಇಲ್ಲ! ಸಾಮಾನು ಇಡಬೇಕೆಂದರೆ ಸೀಟಿನ ಹಿಂದೆ ಕೈ ಚಾಚಿ ತುರುಕಬೇಕು. ಜಾಗ್ವಾರ್ ಇ-ಟೈಪ್ ಕೂಪೆಯಲ್ಲಿ ಹಿಂದಿನ ಬಾಗಿಲು ಇದೆ, ಆದರೆ ಅದು ಮೇಲಕ್ಕೆ ಏಳದೆ ನಮ್ಮ ಮನೆಯ ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುತ್ತದೆ.

ಫ್ರಾನ್ಸಿನ ಸಿಟ್ರೊಯೆನ್‌ನವರು ಈ ಗೊಂದಲವನ್ನು ಬಹಳ ವರ್ಷ ಸಾಕಿದರು. 1970ರಲ್ಲಿ ಬಂದ ಜಿಎಸ್ ಕಾರನ್ನು ಯಾರೇ ನೋಡಿದರೂ ಹ್ಯಾಚ್‌ಬ್ಯಾಕ್ ಅನ್ನುತ್ತಾರೆ. ಅಲ್ಲ. ಗಾಜಿನ ಕೆಳಗೆ ಪುಟ್ಟ ಮುಚ್ಚಳ ಮಾತ್ರ. 1979ರಲ್ಲಿ ಅದನ್ನೇ ತಿದ್ದಿ ಜಿಎಸ್ಎ ಎಂದು ತಂದಾಗ ಗಾಜು ಸೇರಿ ಏಳುವ ಬಾಗಿಲು ಕೊಟ್ಟರು. ಅದರ ದೊಡ್ಡಣ್ಣ ಸಿಎಕ್ಸ್‌ಗೆ ಕೊನೆಯವರೆಗೂ ಆ ಬಾಗಿಲು ಸಿಗಲೇ ಇಲ್ಲ. ಅದರ ಹಿಂದಿನ ಗಾಜು ಒಳಕ್ಕೆ ಬಾಗಿದ ಗಾಜು, ನೋಡಲು ಬಲು ಚೆಂದ.

ಇನ್ನು ಎರಡೂ ಸೇರಿದ ಜಾತಿ, ಇಳಿಜಾರು ಚಾವಣಿ ಮತ್ತು ಮೇಲೇಳುವ ಬಾಗಿಲು. ಇಂಗ್ಲೆಂಡಿನ ರೋವರ್ ಎಸ್‌ಡಿ1 ಇದಕ್ಕೆ ಒಳ್ಳೇ ಉದಾಹರಣೆ. 1976ರಲ್ಲಿ ಬಂತು, 3.5 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, 1977ರ ಯುರೋಪಿನ ವರ್ಷದ ಕಾರು. ಮದರಾಸಿನ ಕತೆ ಬರುವುದು ಇಲ್ಲಿ. ಅದೇ ದೇಹವನ್ನು ಸ್ಟಾಂಡರ್ಡ್ ಮೋಟಾರ್ಸ್‌ನವರು ಇಲ್ಲಿ ತಯಾರಿಸಿ 1985ರಲ್ಲಿ ಸ್ಟಾಂಡರ್ಡ್ 2000 ಎಂದು ಮಾರಿದರು. ವಿ8 ತೆಗೆದು ಹಾಕಿದ್ದು ಹಳೇ ಸ್ಟಾಂಡರ್ಡ್ ವ್ಯಾನ್‌ಗಾರ್ಡ್ ಕಾಲದ 1991 ಸಿಸಿ ಎಂಜಿನ್. ನಮ್ಮ ರಸ್ತೆಗೆ ಬೇಕೆಂದು ಸಸ್ಪೆನ್ಷನ್ ಎತ್ತರ ಮಾಡಿದರು. ಕುದುರೆಯ ಮೈಗೆ ಎತ್ತಿನ ಕಾಲು ಕಟ್ಟಿದ ಹಾಗಾಯಿತು. ದುಬಾರಿ ಬೇರೆ. ಕೆಲವೇ ವರ್ಷದಲ್ಲಿ ನಿಂತುಹೋಯಿತು. ಆದರೆ ಆಕಾರದಲ್ಲಿ ಅದು ಅಪ್ಪಟ ಫಾಸ್ಟ್‌ಬ್ಯಾಕ್, ಬಾಗಿಲಿನಲ್ಲಿ ಅಪ್ಪಟ ಹ್ಯಾಚ್‌ಬ್ಯಾಕ್. ಈಗ ಎಲ್ಲರೂ ಹೊಸದು ಅನ್ನುತ್ತಿರುವ, ಇಳಿಜಾರು ಬೆನ್ನಿನ ಕೂಪೆ ಎಸ್‌ಯುವಿಗಳ ಹಿಂಭಾಗ ನೋಡಿದಾಗ ನನಗೆ ಆ ಪಾಪದ ಕಾರೇ ನೆನಪಾಗುತ್ತದೆ.

ಮೂರನೇ ಹೆಜ್ಜೆ: ಬೆನ್ನಿಗೆ ಅಂಟಿಸಿದ ಹೆಸರು ನಂಬಬೇಡಿ

ಕಂಪನಿಗಳು ಹೆಸರಿಡುವುದು ಕಾರು ಮಾರಲಿಕ್ಕೆ, ನಮಗೆ ಪಾಠ ಹೇಳಲಿಕ್ಕಲ್ಲ. 2017ರಲ್ಲಿ ಟಾಟಾ ಟಿಗೋರ್ ಬಂದಾಗ ಅದನ್ನು ಸ್ಟೈಲ್‌ಬ್ಯಾಕ್ ಎಂದು ಕರೆದರು. ಡಿಕ್ಕಿ ತೆಗೆದರೆ ಗಾಜು ಅಲ್ಲೇ ಇರುತ್ತದೆ. ಅಂದರೆ ಅದು ಗಿಡ್ಡ ಬಾಲದ ಸೆಡಾನ್. ಯುರೋಪಿನಲ್ಲಿ ಹ್ಯುಂಡೈ ಐ30 ಫಾಸ್ಟ್‌ಬ್ಯಾಕ್ ಎಂದು ಮಾರಿದ ಕಾರಿನಲ್ಲಿ ಗಾಜು ಸೇರಿ ಬಾಗಿಲು ಏಳುತ್ತದೆ. ಮಸ್ಟಾಂಗ್ ಫಾಸ್ಟ್‌ಬ್ಯಾಕ್‌ನಲ್ಲಿ ಏಳುವುದಿಲ್ಲ. ಒಂದೇ ಹೆಸರು, ಎರಡು ಬಗೆ.

ಬಿಎಂಡಬ್ಲ್ಯೂದವರ ಗ್ರಾನ್ ಕೂಪೆ ನೋಡಿ. 4 ಸರಣಿಯ ಗ್ರಾನ್ ಕೂಪೆಗೆ ಹ್ಯಾಚ್ ಬಾಗಿಲು. 2 ಸರಣಿಯ ಗ್ರಾನ್ ಕೂಪೆಗೆ ಸಾದಾ ಮುಚ್ಚಳ. ಟೆಸ್ಲಾದಲ್ಲೂ ಹೀಗೇ, ಮಾಡೆಲ್ ಎಸ್‌ಗೆ ಹ್ಯಾಚ್, ಅದೇ ಮುಖದ ಚಿಕ್ಕ ತಮ್ಮ ಮಾಡೆಲ್ 3ಗೆ ಮುಚ್ಚಳ. 2023ರ ಹ್ಯುಂಡೈ ವರ್ನಾ ಪಕ್ಕದಿಂದ ನೋಡಿದರೆ ಜಾರುಬಂಡೆಯೇ, ಆದರೆ ಏಳುವುದು ಮುಚ್ಚಳ ಮಾತ್ರ. ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್ ಎರಡೂ 2024ರಲ್ಲಿ ಬಂದವು, ಎರಡರಲ್ಲೂ ಗಾಜು ಸೇರಿ ಬಾಗಿಲು ಏಳುತ್ತದೆ. ಇವಕ್ಕೆ ಯಾರೂ ಹ್ಯಾಚ್‌ಬ್ಯಾಕ್ ಅನ್ನುವುದಿಲ್ಲ. ನಮ್ಮಲ್ಲಿ ಹ್ಯಾಚ್‌ಬ್ಯಾಕ್ ಎಂದರೆ ಸಣ್ಣ ಕಾರು ಎಂದೇ ಆಗಿಹೋಗಿದೆ, ಹಾಗೆ ಕರೆದರೆ ಅಷ್ಟು ದುಡ್ಡು ಕೊಟ್ಟವರಿಗೆ ಬೇಜಾರಾಗಬಹುದು.

ಎಲ್ಲಕ್ಕಿಂತ ಚಾಲಾಕಿ ಕೆಲಸ ಮಾಡಿದ್ದು ಸ್ಕೋಡಾ ಸುಪರ್ಬ್‌ನ ಎರಡನೇ ತಲೆಮಾರು. ಒಂದು ಗುಂಡಿ ಒತ್ತಿದರೆ ಕೆಳಗಿನ ಮುಚ್ಚಳ ಮಾತ್ರ, ಇನ್ನೊಂದು ಒತ್ತಿದರೆ ಗಾಜು ಸೇರಿ ಇಡೀ ಬಾಗಿಲು. ಒಂದೇ ಕಾರು ಬೆಳಿಗ್ಗೆ ಸೆಡಾನ್, ಸಂಜೆ ಹ್ಯಾಚ್. ಕೀಲುಗಳ ಲೆಕ್ಕ ಅಷ್ಟು ಸುಲಭದ್ದಲ್ಲ, ಭಾರವೂ ಜಾಸ್ತಿ. ಮುಂದಿನ ತಲೆಮಾರಿನಲ್ಲಿ ಅದನ್ನು ಕೈಬಿಟ್ಟು ಬರೀ ದೊಡ್ಡ ಬಾಗಿಲು ಉಳಿಸಿಕೊಂಡರು.

ನಾಲ್ಕನೇ ಹೆಜ್ಜೆ: ಲೀಟರ್ ಬಿಡಿ, ಬಾಯಿ ಅಳೆಯಿರಿ

ಕೊಳ್ಳುವವರಿಗೆ ನಿಜವಾಗಿ ಬೇಕಾದ ಭಾಗ ಇದು.

ಡಿಕ್ಕಿ ಎಷ್ಟು ಲೀಟರ್ ಎಂದು ಎಲ್ಲರೂ ಕೇಳುತ್ತಾರೆ. ಆ ಅಂಕಿ ಹೇಗೆ ಬರುತ್ತದೆ ಗೊತ್ತಾ? ಜರ್ಮನಿಯ ವಾಹನ ಉದ್ಯಮ ಸಂಘದ (ವಿಡಿಎ) ಕ್ರಮದಲ್ಲಿ 200 ಮಿಮೀ ಉದ್ದ, 100 ಮಿಮೀ ಅಗಲ, 50 ಮಿಮೀ ದಪ್ಪದ ಇಟ್ಟಿಗೆಯಂಥ ತುಂಡುಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಾ ಹೋಗುತ್ತಾರೆ. ಒಂದು ತುಂಡು ಒಂದು ಲೀಟರ್. ಮೂಲೆ ಮೂಲೆಗೂ ತುಂಡು ತುರುಕಬಹುದು. ನಿಮ್ಮ ಸೂಟ್‌ಕೇಸ್ ಆ ಮೂಲೆಗೆ ಹೋಗುತ್ತದೆಯೇ? ಆ ಅಂಕಿ ಅದನ್ನು ಹೇಳುವುದಿಲ್ಲ.

ವರ್ನಾದ ಡಿಕ್ಕಿ 528 ಲೀಟರ್. ಕರ್ವ್‌ನದು 500. ಅಂಕಿ ನೋಡಿದರೆ ವರ್ನಾ ಗೆದ್ದಿತು. ಆದರೆ ಒಂದು ಹಾರ್ಮೋನಿಯಂ ಪೆಟ್ಟಿಗೆಯನ್ನೋ, ಟಿವಿ ಡಬ್ಬವನ್ನೋ, ಮಡಚದ ತೊಟ್ಟಿಲನ್ನೋ ಒಳಗಿಡಲು ಹೋಗಿ ನೋಡಿ. ಸೆಡಾನ್‌ನ ಬಾಯಿ ಅಂಚೆ ಡಬ್ಬಿಯ ಬಾಯಿ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಹ್ಯಾಚ್‌ನ ಬಾಯಿ ಪೂರ್ತಿ ತೆರೆದ ಬಾಯಿ. ಸೀಟು ಮಡಚಿದರಂತೂ ಇಡೀ ಕಾರೇ ಗೋದಾಮು. 2013ರ ಆಕ್ಟೇವಿಯಾದ 590 ಲೀಟರ್ ಅಷ್ಟು ಹೆಸರು ಮಾಡಿದ್ದು ಬರೀ ಅಂಕಿಯಿಂದ ಅಲ್ಲ, ಆ ಬಾಯಿಯಿಂದ.

ಹಾಗಾಗಿ ಷೋರೂಂಗೆ ಹೋಗುವಾಗ ಟೇಪು ತೆಗೆದುಕೊಂಡು ಹೋಗಿ. ನಾಚಿಕೆ ಬೇಡ. ಬಾಯಿಯ ಅಗಲ ಅಳೆಯಿರಿ, ಎತ್ತರ ಅಳೆಯಿರಿ. ಬಂಪರಿನ ಅಂಚು ನೆಲದಿಂದ ಎಷ್ಟು ಎತ್ತರ ಇದೆ ನೋಡಿ, ಯಾಕೆಂದರೆ 25 ಕಿಲೋ ಅಕ್ಕಿ ಮೂಟೆಯನ್ನು ಅಷ್ಟೆತ್ತರಕ್ಕೆ ಎತ್ತಿ, ಆ ಅಂಚು ದಾಟಿಸಿ, ಮತ್ತೆ ಒಳಗೆ ಇಳಿಸಬೇಕಾದವರು ನೀವೇ. ಇಳಿಜಾರು ಚಾವಣಿಯ ಹ್ಯಾಚ್ ಆದರೆ ಇನ್ನೊಂದು ವಿಷಯ ಇದೆ. ಗಾಜು ಓರೆಯಾಗಿ ಇಳಿದು ಬರುವುದರಿಂದ ಎತ್ತರದ ಸಾಮಾನು ಇಟ್ಟರೆ ಬಾಗಿಲು ಮುಚ್ಚುವಾಗ ಗಾಜಿಗೇ ತಾಗುತ್ತದೆ. ಗೃಹಪ್ರವೇಶಕ್ಕೆ ಬಾಳೆಗೊನೆ ಒಯ್ಯುವವರಿಗೆ ಇದರ ಅನುಭವ ಇರುತ್ತದೆ. ಗಿಡ್ಡ ಬಾಲದ ಕಾರಿನಲ್ಲಿ ಲೀಟರ್ ಕಡಿಮೆ ಇದ್ದರೂ ಗೊನೆ ನಿಲ್ಲುತ್ತದೆ, ಫಾಸ್ಟ್‌ಬ್ಯಾಕ್‌ನಲ್ಲಿ ಮಲಗಿಸಬೇಕು.

ಬಾಗಿಲು ಪೂರ್ತಿ ಎದ್ದಾಗ ಎಷ್ಟೆತ್ತರ ಹೋಗುತ್ತದೆ, ಎಷ್ಟು ಹಿಂದಕ್ಕೆ ಬರುತ್ತದೆ ಎಂದೂ ನೋಡಿಕೊಳ್ಳಿ. ಉದ್ದ ಗಾಜಿನ ಹ್ಯಾಚ್ ಬಾಗಿಲು ದೊಡ್ಡದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಮೇಲೆ ಪೈಪು ಹಾದುಹೋಗಿರುತ್ತದೆ, ಹಿಂದೆ ಗೋಡೆ ಇರುತ್ತದೆ. ಸೆಡಾನ್ ಮುಚ್ಚಳ ಸಣ್ಣದು, ಅಷ್ಟರಲ್ಲೇ ತೆರೆದುಕೊಳ್ಳುತ್ತದೆ. ಹ್ಯಾಚ್ ತೆಗೆಯಬೇಕೆಂದರೆ ಕಾರನ್ನೇ ಒಂದು ಮಾರು ಮುಂದೆ ತರಬೇಕಾಗಬಹುದು.

ಇನ್ನೊಂದು ಮಾತು, ಯಾವ ಬ್ರೋಷರಿನಲ್ಲೂ ಇರುವುದಿಲ್ಲ. ಹ್ಯಾಚ್‌ನಲ್ಲಿ ಡಿಕ್ಕಿಗೂ ಜನ ಕೂರುವ ಜಾಗಕ್ಕೂ ನಡುವೆ ಗೋಡೆ ಇಲ್ಲ. ಒಂದು ತೆಳು ಹಲಗೆ, ಅಷ್ಟೇ. ಊರಿಂದ ಬರುವಾಗ ಮಾಗಿದ ಹಲಸಿನ ಹಣ್ಣು ಹಾಕಿಕೊಂಡು ಬನ್ನಿ, ಹಾಸನ ದಾಟುವ ಹೊತ್ತಿಗೆ ನೀವೇ ಹಲಸಿನ ಹಣ್ಣಾಗಿರುತ್ತೀರಿ. ಒಣಮೀನಾದರೆ ಕೇಳುವುದೇ ಬೇಡ. ಹಿಂದಿನ ಚಕ್ರದ ಸದ್ದೂ ಹೀಗೇ ಒಳಗೆ ಬರುತ್ತದೆ. ಸೆಡಾನ್‌ನಲ್ಲಿ ಸೀಟಿನ ಹಿಂದಿನ ತಗಡು ವಾಸನೆ, ಸದ್ದು ಎರಡನ್ನೂ ಒಂದಿಷ್ಟು ತಡೆಯುತ್ತದೆ.

ಐದನೇ ಹೆಜ್ಜೆ: ಹಿಂದಿನ ಸೀಟಿನಲ್ಲಿ ನೀವೇ ಕೂರಿ

ಚಾವಣಿ ಇಳಿದರೆ ಅದರ ಕೆಳಗೆ ಯಾರದ್ದೋ ತಲೆ ಇರುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ಕರೆದುಕೊಂಡು ಹೋಗಿ ಹಿಂದೆ ಕೂರಿಸಿ, ಪೂರ್ತಿ ಒರಗಿ ಕೂರಲು ಹೇಳಿ. ತಲೆಗೂ ಚಾವಣಿಗೂ ನಡುವೆ ನಾಲ್ಕು ಬೆರಳು ಹೋದರೆ ಸರಿ. ಹತ್ತುವಾಗ ತಲೆ ಎಷ್ಟು ತಗ್ಗಿಸಬೇಕಾಯಿತು ಎಂದೂ ಕೇಳಿ. ಮೊಣಕಾಲು ನೋವಿನ ಅಮ್ಮನಿಗೆ ಬಗ್ಗಿ ಹತ್ತುವುದು ಸುಲಭ ಅಲ್ಲ.

ಮಲಗಿದ ದೊಡ್ಡ ಗಾಜಿಗೆ ಬಿಸಿಲಿನ ಕಾಟವೂ ಇದೆ. ಮಧ್ಯಾಹ್ನ ಕಲಬುರಗಿ ಕಡೆ ಹೋಗುವಾಗ ಹಿಂದೆ ಕೂತವರ ನೆತ್ತಿ ಕಾಯುತ್ತದೆ.

ಆಮೇಲೆ ಡ್ರೈವರ್ ಸೀಟಿಗೆ ಬಂದು ಒಳಗಿನ ಕನ್ನಡಿ ನೋಡಿ. ಫಾಸ್ಟ್‌ಬ್ಯಾಕ್‌ನಲ್ಲಿ ಗಾಜು ಎಷ್ಟೇ ದೊಡ್ಡದಿದ್ದರೂ ಮಲಗಿರುವುದರಿಂದ ಕಾಣುವುದು ಒಂದು ಸೀಳು ಮಾತ್ರ. ಟೊಯೋಟಾ ಪ್ರಿಯಸ್‌ನಲ್ಲಿ ಇದಕ್ಕೇ ಬಾಲದ ನೇರ ಭಾಗದಲ್ಲೂ ಇನ್ನೊಂದು ಗಾಜು ಇಟ್ಟಿದ್ದರು, ನಡುವೆ ಒಂದು ಅಡ್ಡಪಟ್ಟಿ. ಉಳಿದವರು ಕ್ಯಾಮೆರಾ ಕೊಟ್ಟು ಕೈತೊಳೆದುಕೊಂಡರು.

ಆರನೇ ಹೆಜ್ಜೆ: ಮಳೆ, ಧೂಳು ಮತ್ತು ಆ ವೈಪರ್

ಗಿಡ್ಡ ಬಾಲದ ಹ್ಯಾಚ್‌ಗಳ ಹಿಂದಿನ ಗಾಜು ಯಾಕೆ ಅಷ್ಟು ಬೇಗ ಕೊಳೆಯಾಗುತ್ತದೆ ಎಂದು ಯೋಚಿಸಿದ್ದೀರಾ? ಗಾಳಿ ಚಾವಣಿಯ ತುದಿಗೆ ಬಂದು, ಮುಂದೆ ಹಿಡಿದುಕೊಳ್ಳಲು ಏನೂ ಇಲ್ಲದೆ ಕಿತ್ತುಕೊಳ್ಳುತ್ತದೆ. ಕಾರಿನ ಬೆನ್ನಿಗೆ ಒಂದು ಸುಳಿ ಹುಟ್ಟುತ್ತದೆ. ಚಕ್ರ ಎಬ್ಬಿಸಿದ ಕೆಸರು ನೀರು, ಕೆಂಪು ಧೂಳು ಆ ಸುಳಿಯಲ್ಲಿ ಸಿಕ್ಕಿ ತಿರುಗಿ ಬಂದು ಗಾಜಿಗೇ ಬಡಿಯುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಗಿಡ್ಡ ಬಾಲದ ಕಾರು ತೆಗೆದುಕೊಳ್ಳುವಾಗ ಹಿಂದಿನ ವೈಪರ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ಅಲಾಯ್ ಚಕ್ರ ಬೇಕಾದರೆ ಬಿಡಿ, ಇದನ್ನು ಬಿಡಬೇಡಿ.

ಇಳಿಜಾರು ಸೌಮ್ಯವಾಗಿದ್ದರೆ ಗಾಳಿ ಗಾಜಿಗೆ ಅಂಟಿಕೊಂಡೇ ಕೆಳಗೆ ಹರಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಹನಿಗಳನ್ನು ತಾನೇ ಒರೆಸಿಕೊಂಡು ಹೋಗುತ್ತದೆ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಾಗ ಯಾವ ಗಾಳಿ ಹರಿಯುತ್ತೆ? ಮಲಗಿದ ಗಾಜಿನ ಮೇಲೆ ನೀರು ಸುಮ್ನೆ ಕೂತಿರುತ್ತದೆ.

ಇಳಿಜಾರು ಎಂದ ಮಾತ್ರಕ್ಕೆ ಗಾಳಿಯ ತಡೆ ಕಡಿಮೆ ಎಂದೂ ಅಲ್ಲ. 1984ರಲ್ಲಿ ಎಸ್. ಆರ್. ಅಹಮದ್ ಮತ್ತು ಜೊತೆಗಾರರು ಕಾರಿನಂಥ ಒಂದು ಸರಳ ಮಾದರಿ ಇಟ್ಟುಕೊಂಡು, ಅದರ ಬೆನ್ನಿನ ಓರೆಯನ್ನು ಬದಲಿಸುತ್ತಾ ಗಾಳಿ ಸುರಂಗದಲ್ಲಿ ಅಳೆದರು. ಅದು ಇಂದಿಗೂ ಅಹಮದ್ ಬಾಡಿ ಎಂದೇ ಹೆಸರಾಗಿದೆ. ಓರೆ 30 ಡಿಗ್ರಿ ಹತ್ತಿರ ಬಂದಾಗ ತಡೆ ಎಲ್ಲಕ್ಕಿಂತ ಜಾಸ್ತಿ. ಅದನ್ನು ದಾಟಿದರೆ ಗಾಳಿ ಪೂರ್ತಿ ಕಿತ್ತುಕೊಂಡು ತಡೆ ಥಟ್ಟನೆ ಇಳಿಯುತ್ತದೆ. ಅಂದರೆ ಅರ್ಧಂಬರ್ಧ ಇಳಿಜಾರು ಎಲ್ಲಕ್ಕಿಂತ ಕೆಟ್ಟದ್ದು. ಸೌಮ್ಯ ಇಳಿಜಾರು ಬೇಕೆಂದರೆ ಕಾರು ಉದ್ದ ಇರಬೇಕು.

ಈ ಉದ್ದದ್ದೇ ತಕರಾರು

ನಮ್ಮ ದೇಶದಲ್ಲಿ ಎಲ್ಲಿ ನೋಡಿದರೂ ಗಿಡ್ಡ ಬಾಲದ ಹ್ಯಾಚ್‌ಬ್ಯಾಕ್, ಫಾಸ್ಟ್‌ಬ್ಯಾಕ್ ಮಾತ್ರ ಅಪರೂಪ ಯಾಕೆ? ಜನರ ರುಚಿ ಎನ್ನುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ತೆರಿಗೆ.

2006ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿದರು. ಸಣ್ಣದು ಎಂದರೆ 4 ಮೀಟರ್ ಉದ್ದದ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು. ಅಂದಿನಿಂದ ಕಾರು ಚಿತ್ರಿಸುವವನ ಕೈಯಲ್ಲಿ ಪೆನ್ಸಿಲ್ ಜೊತೆಗೆ ಸ್ಕೇಲೂ ಬಂತು. ಟಾಟಾ ಇಂಡಿಗೋ ಸಿಎಸ್ 2008ರಲ್ಲಿ ಬಾಲ ಕತ್ತರಿಸಿಕೊಂಡು ಬಂತು. ಮಾರುತಿ ಡಿಜೈರ್ 2012ರಲ್ಲಿ ಅದೇ ದಾರಿ ಹಿಡಿಯಿತು. 4 ಮೀಟರಿನಲ್ಲಿ ಎಂಜಿನ್ ಇಟ್ಟು, ನಾಲ್ಕೈದು ಜನರನ್ನು ಕೂರಿಸಿ, ಉಳಿದ ಒಂದಿಷ್ಟು ಜಾಗದಲ್ಲಿ ಸೌಮ್ಯ ಇಳಿಜಾರು ತರಲು ಹೇಗೆ ಸಾಧ್ಯ? ತಂದರೆ ಹಿಂದೆ ಕೂತವರ ತಲೆಗೇ ತಾಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದರೂ ಗೆರೆ ಅಲ್ಲೇ ಇದೆ. ಆ ಅಳತೆಯೊಳಗಿನ ಕಾರಿಗೆ 18 ಪರ್ಸೆಂಟ್, ದಾಟಿದರೆ 40. ಬ್ಯಾಟರಿ ಕಾರಿಗೆ ಮಾತ್ರ ಉದ್ದ ಎಷ್ಟಿದ್ದರೂ 5 ಪರ್ಸೆಂಟ್. ಅದಕ್ಕೇ ನೋಡಿ, ಇಳಿಜಾರು ಚಾವಣಿ ಈಗ ಬ್ಯಾಟರಿ ಕಾರುಗಳ ಕಡೆಯಿಂದ ಬರುತ್ತಿದೆ. ಮಹೀಂದ್ರಾ ಎಕ್ಸ್‌ಇವಿ 9ಇ ಸುಮಾರು 4.8 ಮೀಟರ್ ಉದ್ದ, ಡಿಕ್ಕಿ 663 ಲೀಟರ್. ಬ್ಯಾಟರಿ ಕಾರಿಗೆ ಗಾಳಿಯ ತಡೆ ಕಡಿಮೆ ಆದಷ್ಟೂ ಒಂದು ಚಾರ್ಜಿಗೆ ಜಾಸ್ತಿ ದೂರ. ಉದ್ದಕ್ಕೆ ದಂಡವೂ ಇಲ್ಲ.

ನಿಮಗೆ ಇದರಿಂದ ಏನು? ಬಜೆಟ್ 10 ಲಕ್ಷದ ಒಳಗಿದ್ದು ಹೊಸ ಪೆಟ್ರೋಲ್ ಕಾರೇ ಬೇಕು ಎಂದರೆ ಫಾಸ್ಟ್‌ಬ್ಯಾಕ್ ಆಸೆ ಹೆಚ್ಚು ಕಡಿಮೆ ಬಿಟ್ಟುಬಿಡಿ. ಗಿಡ್ಡ ಹ್ಯಾಚ್‌ಗಳಲ್ಲೇ ಒಳ್ಳೆಯದನ್ನು ಆರಿಸಿ. ಬಲೆನೊ 318 ಲೀಟರ್, ಆಲ್ಟ್ರೋಜ್ 345 ಲೀಟರ್, ಇಬ್ಬರು ಮಕ್ಕಳ ಸಂಸಾರಕ್ಕೆ ಸಾಕು. ಸಿಎನ್‌ಜಿ ಬೇಕೆಂದರೆ ಸಿಲಿಂಡರ್ ಇಟ್ಟ ಮೇಲೆ ಉಳಿದ ಜಾಗ ನೋಡಿ. ಎರಡು ಸಣ್ಣ ಸಿಲಿಂಡರನ್ನು ನೆಲದಡಿ ಮಲಗಿಸಿದ ಆಲ್ಟ್ರೋಜ್‌ನಲ್ಲೂ ಉಳಿಯುವುದು 210 ಲೀಟರ್.

ಕೊನೇ ಹೆಜ್ಜೆ, ಹಳೇ ಕಾರು ಕೊಳ್ಳುವವರಿಗೆ

ಹಳೇ ಲಿಫ್ಟ್‌ಬ್ಯಾಕ್ ಅಥವಾ ಹ್ಯಾಚ್ ತೆಗೆದುಕೊಳ್ಳುವಾಗ ಮೊದಲು ಬಾಗಿಲು ಎತ್ತಿ ಕೈ ಬಿಡಿ. ಎತ್ತಿ ಹಿಡಿಯುವುದು ಎರಡು ಗ್ಯಾಸ್ ಸ್ಟ್ರಟ್‌ಗಳು, ಅಂದರೆ ಒಳಗೆ ಗ್ಯಾಸ್ ತುಂಬಿದ ಊರುಗೋಲುಗಳು, ವರ್ಷ ಕಳೆದಂತೆ ಅವುಗಳ ಉಸಿರು ಹೋಗುತ್ತದೆ. ಬೆಳಗಿನ ಚಳಿಯಲ್ಲಿ ಇನ್ನೂ ಸೋಮಾರಿ. ನನ್ನ ಹಳೇ ಕಾರಿನಲ್ಲಿ ಇದನ್ನು ಗ್ಯಾರೇಜಿನವರಿಗೆ ಎರಡು ಸಲ ಹೇಳಿದ್ದೆ. "ಏನೂ ಆಗಲ್ಲ ಸಾರ್" ಎಂದು ಎಣ್ಣೆ ಹಚ್ಚಿ ಕಳಿಸಿದರು. ಒಂದು ಡಿಸೆಂಬರ್ ಬೆಳಿಗ್ಗೆ ತೆಂಗಿನಕಾಯಿ ಚೀಲ ಇಳಿಸುತ್ತಿದ್ದಾಗ ಬಾಗಿಲು ನೇರ ನೆತ್ತಿಗೆ ಬಂತು. ಕಾಯಿ ಒಡೆಯಲಿಲ್ಲ, ನನಗೆ ಎರಡು ಹೊಲಿಗೆ. ಆವತ್ತು ಸಂಜೆಯೇ ಜೋಡಿ ಸ್ಟ್ರಟ್ ಹಾಕಿಸಿದೆ. ಒಂದನ್ನೇ ಬದಲಿಸಬೇಡಿ, ಬಾಗಿಲು ಓರೆ ಎಳೆಯುತ್ತದೆ.

ಕೀಲಿನ ಹತ್ತಿರ ರಬ್ಬರ್ ಕೊಳವೆಯೊಳಗೆ ವೈರುಗಳು ಹೋಗಿರುತ್ತವೆ, ವೈಪರಿಗೆ, ಗಾಜಿನ ಮಂಜು ಕರಗಿಸುವ ಡಿಫಾಗರಿಗೆ, ನಂಬರ್ ಪ್ಲೇಟ್ ದೀಪಕ್ಕೆ. ಸಾವಿರಾರು ಸಲ ಮಡಚಿ ಅವು ಒಳಗೇ ಮುರಿದಿರುತ್ತವೆ. ಒಂದೊಂದನ್ನೂ ಹಾಕಿ ನೋಡಿ. ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಯಲ್ಲಿ ಕೈ ಆಡಿಸಿ. ತೇವ ಇದ್ದರೆ ಬಾಗಿಲಿನ ಸುತ್ತಿನ ರಬ್ಬರ್ ಹೋಗಿದೆ, ಇಲ್ಲವೇ ಹಿಂದೆ ಯಾರೋ ಗುದ್ದಿ ರಿಪೇರಿ ಮಾಡಿಸಿದ್ದಾರೆ. ಹ್ಯಾಚ್ ಬಾಗಿಲಿನ ಚೌಕಟ್ಟು ಒಮ್ಮೆ ಸೊಟ್ಟಗಾದರೆ ಮತ್ತೆ ಸರಿಯಾಗಿ ಕೂರಿಸುವುದು ಕಷ್ಟ. ಸಂದು ಎಡಕ್ಕೂ ಬಲಕ್ಕೂ ಒಂದೇ ಸಮ ಇದೆಯೇ ಎಂದು ಬೆರಳಿಟ್ಟು ನೋಡಿ.

ಗೆಳೆಯ ಆ ಆಕ್ಟೇವಿಯಾ ಕೊಂಡನಾ ಎಂದು ಕೇಳಬಹುದು. ಸ್ಟೆಪ್ನಿ ಗುಂಡಿಯಲ್ಲಿ ಒಂದು ಲೋಟ ನೀರಿತ್ತು. ವಾಪಸ್ ಬಂದೆವು.